ಶೀನಣ್ಣನ ಬ್ಯಾಟಿಂಗ್ ಆರ್ಡರ್

ಪ್ರತಿ ಶನಿವಾರ ಸಂಜೆ ಶೀನಣ್ಣನವರು ಹತ್ತು ಮನೆಗಳಲ್ಲಿ ಕಾಫಿ ಕುಡಿಯುತ್ತಿದ್ದರು. ಬಸವನಗುಡಿಯ ನಮ್ಮ ಕ್ರಿಕೆಟ್ ತಂಡಕ್ಕೆ ಅವರೇ ಕ್ಯಾಪ್ಟನ್. ವಾರವೆಲ್ಲ ಸ್ಕೂಲಿನಲ್ಲಿ ಡ್ರಾಯಿಂಗ್ ಹೇಳಿಕೊಡುತ್ತಿದ್ದ ಅವರು, ಶನಿವಾರ ಸೈಕಲ್ ಹತ್ತಿ ಮಾರನೆಯ ದಿನ ಆಡುವ ಹತ್ತೂ ಜನರನ್ನು ನೋಡಿಬಂದು, ಆಮೇಲೆ ಬ್ಯಾಟಿಂಗ್ ಆರ್ಡರ್ ಬರೆಯುತ್ತಿದ್ದರು.

"ನೆಟ್ಸಲ್ಲಿ ಆಡೋದು ನೋಡಿದ್ರೆ ಸಾಲದಾ?" ಎಂದು ಒಮ್ಮೆ ಕೇಳಿದೆ.

"ನೆಟ್ಸಲ್ಲಿ ಕೈ ಕಾಣತ್ತೆ ಕಣಯ್ಯಾ. ಮನೇಲಿ ಮನುಷ್ಯ ಕಾಣ್ತಾನೆ" ಎಂದರು.

ನಗರ್ತಪೇಟೆಯ ಬಟ್ಟೆ ಅಂಗಡಿಯ ರುದ್ರಪ್ಪ ನಮ್ಮಲ್ಲಿ ಐದನೆಯವನಾಗಿ ಆಡುತ್ತಿದ್ದ. ಒಂದು ಪಂದ್ಯದಲ್ಲಿ ಚೆಂಡು ದವಡೆಗೆ ಬಡಿದು ಎರಡು ಹಲ್ಲು ಹೋದವು. ಗಾಯ ಮಾಗಿದ ಮೇಲೂ ಒಂದಲ್ಲ ಒಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಶೀನಣ್ಣ ಅಂಗಡಿಗೇ ಹೋಗಿ, ಸೀರೆ ಮಡಿಕೆಗಳ ನಡುವೆ ಗಂಟೆಗಟ್ಟಲೆ ಕೂತು ಒಪ್ಪಿಸಿ ಬಂದರು. ಭಾನುವಾರ ನೋಡಿದರೆ ಚೀಟಿಯಲ್ಲಿ ಮೊದಲ ಹೆಸರೇ ಅವನದು!

"ಅವನು ಹೆದರಿದಾನೆ ಶೀನಣ್ಣ" ಎಂದು ನಾವೆಲ್ಲ ಮುಗಿಬಿದ್ದೆವು.

"ಅದಕ್ಕೇ. ಹೆದರಿದೋನನ್ನ ಕಾಯಿಸಬಾರದು. ಪ್ಯಾಡ್ ಕಟ್ಕೊಂಡು ಕೂತಷ್ಟೂ ಭಯ ಜಾಸ್ತಿಯಾಗತ್ತೆ."

ರುದ್ರಪ್ಪ ಹನ್ನೆರಡು ರನ್ನಿಗೆ ಔಟಾದ. ಆದರೆ ಮರಳಿ ಬರುವಾಗ ನಗುತ್ತಿದ್ದ. ಆಮೇಲೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ.

ನಾನು ಮೂರನೆಯ ನಂಬರಿನವನು. ಸ್ವಾತಂತ್ರ್ಯ ಬಂದು ಒಂದೆರಡು ವರ್ಷವಾಗಿತ್ತು; ಮೈಸೂರು ರಾಜ್ಯದ ತಂಡಕ್ಕೆ ಆಟಗಾರರನ್ನು ಆರಿಸುವವರು ನಮ್ಮ ಪಂದ್ಯ ನೋಡಲು ಬರುತ್ತಾರೆಂದು ಸುದ್ದಿಯಾಯಿತು. ಅವರು ಬರುವುದು ನನಗಾಗಿ ಎಂದೇ ಎಲ್ಲರೂ ಅನ್ನುತ್ತಿದ್ದರು. ಆ ದಿನ ಶೀನಣ್ಣ ನನ್ನ ಹೆಸರನ್ನು ಏಳನೆಯದಾಗಿ ಬರೆದಿದ್ದರು.

"ಎಲ್ಲರಿಗೂ ಕೈ ನಡುಗ್ತಿದೆ ಕಣಪ್ಪಾ. ನೀನೊಬ್ಬ ಗಟ್ಟಿ ಇದೀಯ. ಕೆಳಗೆ ನೀನಿದ್ರೆ ಅವರು ಧೈರ್ಯವಾಗಿ ಆಡ್ತಾರೆ."

ಹಾಗೆಯೇ ಆಯಿತು. ಎಲ್ಲರೂ ಧೈರ್ಯವಾಗಿ ಆಡಿದರು. ನಾಲ್ಕೇ ವಿಕೆಟ್ ಕಳೆದುಕೊಂಡು ಗೆದ್ದೆವು. ನಾನು ಪ್ಯಾಡ್ ಬಿಚ್ಚುತ್ತಿದ್ದಾಗ ನೋಡಲು ಬಂದವರ ಕಾರು ಹೊರಟುಹೋಯಿತು.

ಅಂದು ಸಂಜೆಯೇ ಶೀನಣ್ಣ ಎನ್.ಆರ್. ಕಾಲೋನಿಯ ನಮ್ಮ ಮನೆಗೆ ಬಂದರು. ಅಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. "ತಪ್ಪು ನನ್ನದು. ತಂಡದ ಯೋಚನೆ ಮಾಡಿದೆ, ನಿನ್ನ ಯೋಚನೆ ಮಾಡಲಿಲ್ಲ" ಎಂದರು. "ಆಯ್ತು ಬಿಡಿ" ಎಂದು ಒಳಗೆ ಹೋದೆ. ಮರುವಾರದಿಂದ ಆಡಲು ಹೋಗಲಿಲ್ಲ. ಯಾರೂ ಮತ್ತೆ ನನ್ನ ಆಟ ನೋಡಲು ಬರಲಿಲ್ಲ. ಕಚೇರಿಯ ಕೆಲಸ, ಮದುವೆ, ಮಕ್ಕಳು ಎಂದು ಎಂಟು ವರ್ಷ ಕಳೆಯಿತು. ಗಾಂಧಿ ಬಜಾರಿನಲ್ಲಿ ಅವರ ಸೈಕಲ್ ಕಂಡರೆ ಅಡ್ಡರಸ್ತೆಗೆ ತಿರುಗಿಬಿಡುತ್ತಿದ್ದೆ.

ಅವರಿಗೆ ಮೈ ಸರಿಯಿಲ್ಲವೆಂದು ರುದ್ರಪ್ಪನೇ ಬಂದು ಹೇಳಿದ. ಮಲ್ಲೇಶ್ವರದ ಮಗಳ ಮನೆಯಲ್ಲಿ ಮಲಗಿದ್ದರು, ತುಂಬ ಸಣ್ಣಗಾಗಿದ್ದರು. ಮಂಚದ ಪಕ್ಕ ಕೂತು, ದಾರಿಯುದ್ದಕ್ಕೂ ಹೊಂದಿಸಿಕೊಂಡಿದ್ದ ಮಾತನ್ನು ಹೇಳಿದೆ.

"ನೀವು ಮಾಡಿದ್ದು ಸರೀನೇ ಶೀನಣ್ಣ. ನಾನು ಆಡಿದ್ರೂ ಸೊನ್ನೆಗೇ ಔಟಾಗ್ತಿದ್ನೋ ಏನೋ."

ಅವರು ಅಲ್ಲವೆಂದು ತಲೆಯಾಡಿಸಿದರು.

"ಔಟಾಗಿದ್ರೆ ನೀನು ಇಷ್ಟೊತ್ತಿಗೆ ಮರ್ತಿರ್ತಿದ್ದೆ ಕಣಯ್ಯಾ. ಔಟಾಗೋಕೂ ಬಿಡಲಿಲ್ಲ ನಾನು."

ಮಗಳು ಔಷಧಿ ತಂದಾಗ ಅವರ ತಲೆ ಎತ್ತಿ ಹಿಡಿದುಕೊಂಡೆ. ನಾನು ಇನ್ನೊಮ್ಮೆ ನೋಡಲು ಬರುವುದರೊಳಗೆ ಅವರು ಹೋಗಿಬಿಟ್ಟಿದ್ದರು.