ಮೂರನೆಯ ಎಲೆ

ಬೆಳಗ್ಗೆ ಚೀಲ ಹಿಡಿದು ಹೊರಟವನನ್ನು ನನ್ನ ಹೆಂಡತಿ ಹೊಸ್ತಿಲಲ್ಲೇ ತಡೆದಳು. ಊರಿನ ನಾಲ್ಕು ಮನೆಯವರು ಸೇರಿ ಕುರಿ ಕುಯ್ದು ಗುಡ್ಡೆ ಹಾಕಿದ್ದಾರೆ, ನಮ್ಮ ಪಾಲು ಬಾಗಿಲಿಗೇ ಬರುತ್ತದೆ. ಅದನ್ನು ಬಿಟ್ಟು ಗಾವಡಗೆರೆಯಿಂದ ಹುಣಸೂರಿಗೆ ನಡೆದುಹೋಗಿ ಬಾಡು ತರುವುದು ಯಾವ ಸೀಮೆಯ ಬುದ್ಧಿ ಎಂದಳು. ಮಾರ್ನಮಿ ಅಮಾವಾಸ್ಯೆಯ ದಿನ ಯಾರೊಂದಿಗೂ ವಾದಕ್ಕಿಳಿಯಬಾರದು. ಮೆಟ್ಟು ಹಾಕಿಕೊಂಡು ಹೊರಟೆ. ಈ ವಯಸ್ಸಿನಲ್ಲಿ ನನಗೆ ಉಳಿದಿರುವ ಆಸ್ತಿಯೆಂದರೆ ಹಟ ಒಂದೇ.

ಈಗ ಆ ಬಾಡು ಒಲೆಯ ಮೇಲೆ ಬೇಯುತ್ತಿದೆ. ತೀರಿಹೋದ ಹಿರಿಯರಿಗೆ ಎಡೆ ಇಡಲು ಇನ್ನೂ ಹೊತ್ತಿದೆ. ಅವಳಿಗೆ ಹೇಳದ ಕಾರಣವನ್ನು ನಿಮಗೆ ಹೇಳುತ್ತೇನೆ. ಆದರೆ ಅದಕ್ಕೆ ನೀವು ನನ್ನ ಜೊತೆ ಕೊಲಂಬೊಗೆ ಬರಬೇಕಾಗುತ್ತದೆ. ಹೆದರಬೇಡಿ, ಹಡಗಿನಲ್ಲಿ ವಾಂತಿ ಮಾಡಿಕೊಂಡದ್ದನ್ನೆಲ್ಲ ವಿವರಿಸುವುದಿಲ್ಲ.

ಆಗ ನಾನು ಹುಣಸೂರಿನ ಒಂದು ಕಾಫಿ ಮಂಡಿಯಲ್ಲಿ ಗುಮಾಸ್ತ. ನಮ್ಮಲ್ಲಿ ಬೀಜ ವಿಂಗಡಿಸುವವರು ಇಮಾಂ ಸಾಬರು. ಮೂಟೆಯೊಳಗೆ ಕೈ ತೂರಿಸಿ ಒಂದು ಹಿಡಿ ತೆಗೆದು ಮೂಸಿದರೆ ಸಾಕು, ಯಾವ ತೋಟದ್ದು, ಎಷ್ಟು ದಿನ ಒಣಗಿದ್ದು, ಎಲ್ಲ ಹೇಳುತ್ತಿದ್ದರು. ಕೊಲಂಬೊಗೆ ಕಳಿಸಿದ ಮೂಟೆಗಳು ಹಡಗಿನಲ್ಲಿ ನೆನೆದು ಮುಗ್ಗಲು ಹಿಡಿದವೆಂದು ತಂತಿ ಬಂತು. ಒಣಗಿಸಿ, ಕೆಟ್ಟದ್ದನ್ನು ಬೇರೆ ಮಾಡಿ ಬನ್ನಿ ಎಂದು ಧಣಿಗಳು ನಮ್ಮಿಬ್ಬರನ್ನೂ ಅಟ್ಟಿದರು. ಲೆಕ್ಕ ಬರೆಯಲು ನಾನು, ಕೆಲಸ ಮಾಡಲು ಅವರು.

ನಮ್ಮಪ್ಪ ತೀರಿಕೊಂಡು ಆಗ ಎರಡು ತಿಂಗಳಾಗಿತ್ತು. ಹೊರಡುವಾಗ ಅವ್ವ ಗಾಡಿಯ ತನಕ ಬಂದಳು.

"ಅಬ್ಬಕ್ಕೆ ಬಂದ್ಬುಡು ಕಣಪ್ಪ. ಮೊದಲ್ನೇ ಎಡೆ, ಮಗನ ಕೈಲೇ ಆಗ್ಬೇಕು. ಇಲ್ದಿದ್ರೆ ನಿಮ್ಮಪ್ಪ ಬಾಗ್ಲುಗಂಟ ಬಂದು ಅಸ್ಕೊಂಡು ಒಂಟೋಯ್ತಾರೆ."

ಬರುತ್ತೇನೆ ಎಂದು ಮಾತು ಕೊಟ್ಟೆ. ನಾನು ಒಬ್ಬನೇ ಮಗ. ಆದರೆ ಕೊಲಂಬೊದಲ್ಲಿ ಮಳೆ ನಿಲ್ಲಲಿಲ್ಲ, ಬೀಜ ಒಣಗಲಿಲ್ಲ. ಅಮಾವಾಸ್ಯೆಗೆ ಎರಡು ದಿನ ಉಳಿದಾಗ, ಇನ್ನು ಊರು ಸೇರುವುದು ಕನಸಿನ ಮಾತು ಎಂದು ಗೊತ್ತಾಯಿತು. ಹೊರಗೆ ಮನುಷ್ಯರೇ ಎಳೆಯುವ ರಿಕ್ಷಾಗಳು, ಬಂದರಿನ ಕೂಗು, ಒಂದು ಅಕ್ಷರವೂ ತಿಳಿಯದ ಮಾತು. ನಾನು ಗೋಡೌನಿನ ಮೂಲೆಯಲ್ಲಿ ಮೂಟೆಯ ಮೇಲೆ ಕೂತು ಅತ್ತುಬಿಟ್ಟೆ.

ಸಾಬರು ಏನೆಂದು ಕೇಳಿದರು. ಹೇಳಿದೆ. ಇಲ್ಲೇ ಎಡೆ ಇಡೋಣ ಎಂದರು. ನನಗೆ ಸಿಟ್ಟೇ ಬಂತು. ಒಮ್ಮೆ ದಸರಾ ನೋಡಲು ಹೋಗಿ ಮೈಸೂರಿನಲ್ಲೇ ದಾರಿ ತಪ್ಪಿ, ಅರಮನೆಯನ್ನೂ ನೋಡದೆ ವಾಪಸ್ಸು ಬಂದ ಮನುಷ್ಯ ನಮ್ಮಪ್ಪ. ಅವರು ಸಮುದ್ರ ದಾಟಿ ಈ ಊರಿಗೆ ಹೇಗೆ ಬಂದಾರು?

"ದಾರಿ ಕೇಳ್ಕಂಡು ಬತ್ತಾರೆ ಬುಡಿ," ಎಂದರು ಸಾಬರು. "ತೀರ್ಕಂಡೋರ್ಗೆ ಎಲ್ಲಾ ಭಾಷೆನೂ ಬತ್ತದೆ. ನಾವೂ ಅವರ ಹೆಸರಲ್ಲಿ ಫಾತಿಹ ಓದ್ತೀವಲ್ಲ, ಎಲ್ಲಿದ್ರೂ ಮುಟ್ತದೆ. ಫಿಕರ್ ಮಾಡ್ಬ್ಯಾಡಿ."

ಗೋಕುಲಾಷ್ಟಮಿಗೂ ಇಮಾಂ ಸಾಬಿಗೂ ಏನು ಸಂಬಂಧ ಎಂದು ಮಂಡಿಯಲ್ಲಿ ಅವರೆದುರೇ ಎಷ್ಟು ಸಲ ನಕ್ಕಿದ್ದೆನೋ. ಆ ಇಮಾಂ ಸಾಬರು ಅಮಾವಾಸ್ಯೆಯ ದಿನ ಪೇಟೆಯನ್ನೆಲ್ಲ ಜಾಲಾಡಿ, ನಾವು ಇಳಿದುಕೊಂಡಿದ್ದ ವಸತಿಗೃಹದ ಕೋಣೆಗೆ ಒಂದು ಪೊಟ್ಟಣ ತಂದರು. ಅಂಗಡಿ ಅಂಗಡಿಯಲ್ಲೂ ಹಿಟ್ಟಿಗೆ ಕೈ ಹಾಕಿ, ಮೂಸಿ, ಕೊನೆಗೆ ಹಿಡಿದಿದ್ದರು. ಅಲ್ಲಿಯವರು ಅದಕ್ಕೆ ಬೇರೇನೋ ಹೆಸರು ಹೇಳುತ್ತಾರಂತೆ. ನೋಡಿದರೆ ನಮ್ಮ ರಾಗಿಯೇ. ಜೊತೆಗೆ ಸಾಬರೊಬ್ಬರ ಹೋಟೆಲಿನಿಂದ ಒಂದು ಪಾತ್ರೆ ಬಾಡಿನ ಸಾರು.

ಹುಟ್ಟಿದಾಗಿನಿಂದ ಮುದ್ದೆ ನುಂಗಿದವನು ನಾನು. ಒಂದು ದಿನವೂ ಮುದ್ದೆ ತಿರುವಿದವನಲ್ಲ. ಸಾಬರ ಪಾಡೂ ಅದೇ. ಅವರು ಪಾತ್ರೆಯನ್ನು ಎರಡು ಕಾಲಲ್ಲಿ ಒತ್ತಿ ಹಿಡಿದರು, ನಾನು ಅವರ ಊರುಗೋಲನ್ನು ತೊಳೆದು ತಿರುವಿದೆ. ಮುದ್ದೆಗಿಂತ ಗಂಟೇ ಹೆಚ್ಚಾಯಿತು. ಗಂಟು ಸಿಕ್ಕಿದರೆ ತಟ್ಟೆ ತಳ್ಳಿ ಏಳುತ್ತಿದ್ದರು ಅಪ್ಪ. ಇವತ್ತೊಂದು ದಿನ ಹೊಟ್ಟೆಗೆ ಹಾಕಿಕೊಳ್ಳಪ್ಪ ಎಂದು ಬೇಡಿಕೊಂಡು ಎಲೆಗೆ ಬಡಿಸಿದೆ. ಧೂಪ ಹಾಕಿ, ನಮ್ಮ ಪದ್ಧತಿಯಂತೆ ಹೊರಗೆ ಬಂದು ಬಾಗಿಲು ಮುಚ್ಚಿದೆ. ಹಿರಿಯರು ಉಣ್ಣುವಾಗ ನಾವು ನೋಡಬಾರದು. ಉಂಡಾದ ಮೇಲೂ ಕೆಮ್ಮಿ, ಕದ ತಟ್ಟಿಯೇ ಒಳಗೆ ಹೋಗಬೇಕು.

ಹಾಗೆ ನಾನು ಕೆಮ್ಮುತ್ತ ಕದ ತಟ್ಟುವ ಹೊತ್ತಿಗೆ ವಸತಿಗೃಹದ ಯಜಮಾನ ಬಂದ. ಮಲೆಯಾಳದವನು. ನಮ್ಮ ಕೋಣೆಯ ಬಾಗಿಲನ್ನು ನಾವೇ ತಟ್ಟುತ್ತಿರುವುದನ್ನು ನೋಡಿ, ಕೋಣೆಗೆ ಇಬ್ಬರೆಂದು ಬರೆಸಿದ್ದೀರಲ್ಲ, ಒಳಗಿರುವ ಮೂರನೆಯವರು ಯಾರು ಎಂದು ದಬಾಯಿಸಿದ. ಮಂಡಿಗೆ ಬರುವ ತಲಚೇರಿ ಗಾಡಿಯವರ ಸಹವಾಸದಿಂದ ಸಾಬರಿಗೆ ಆ ಭಾಷೆ ಬರುತ್ತಿತ್ತು. ಇವರ ತಂದೆ, ಊಟಕ್ಕೆ ಕೂತಿದ್ದಾರೆ ಎಂದರಂತೆ. ಯಜಮಾನ ಪುಸ್ತಕ ತರಿಸಿ ಹೆಸರು, ಊರು ಕೇಳಿದ. ಗಾವಡಗೆರೆ ಕಾಳೇಗೌಡ ಎಂದೆ. ಬರೆದುಕೊಂಡ. ಆಮೇಲೆ ಬಾಗಿಲ ಸಂದಿಯಿಂದ ಬರುತ್ತಿದ್ದ ಧೂಪದ ಹೊಗೆಯನ್ನು ನೋಡಿದ, ನನ್ನ ಮುಖ ನೋಡಿದ. ಬರೆದದ್ದನ್ನು ಹೊಡೆದುಹಾಕಲಿಲ್ಲ. ಮೆಟ್ಟು ಬಿಟ್ಟು ನಮ್ಮ ಪಕ್ಕದಲ್ಲಿ ಕೈಕಟ್ಟಿ ನಿಂತ.

ಮೈಸೂರನ್ನೇ ಸರಿಯಾಗಿ ಕಾಣದ ನಮ್ಮಪ್ಪನ ಹೆಸರು ಹೀಗೆ ಕೊಲಂಬೊದ ಪುಸ್ತಕದಲ್ಲಿ ಸೇರಿತು. ಅಪ್ಪ ಬಂದರು ಎಂಬುದರಲ್ಲಿ ನನಗೆ ಆಗಲೂ ಅನುಮಾನವಿರಲಿಲ್ಲ, ಈಗಲೂ ಇಲ್ಲ.

ಊರಿಗೆ ಬಂದ ಮೇಲೆ ಪ್ರತಿ ಮಾರ್ನಮಿಗೂ ಸಾಬರನ್ನು ನಮ್ಮ ಮನೆಗೆ ಊಟಕ್ಕೆ ಕರೆದೆ. ಬತ್ತೀನಿ ಬುಡಿ ಎನ್ನುವರು, ಬರುತ್ತಿರಲಿಲ್ಲ. ಒಂದು ವರ್ಷ ಮೊಣಕಾಲು ನೋವು, ಒಂದು ವರ್ಷ ನೆಂಟರು. ನಾನು ಒಳಗೊಳಗೇ ಮುನಿಸಿಕೊಂಡೆ. ನಮ್ಮನೆ ಊಟ ಅವರಿಗೆ ಸೇರದು ಎಂದು ಹೆಂಡತಿಯ ಹತ್ತಿರ ಆಡಿಕೊಂಡದ್ದೂ ಉಂಟು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಮಾತಾಡಿಸಲು ಹೋದಾಗ ಅವರ ಬೀಬಿಯವರು ಪರದೆಯ ಹಿಂದಿನಿಂದಲೇ ಹೇಳಿದರು.

"ನಿಮ್ಮನೇಗೆ ಹೋಗ್ಬೇಕು ಅಂತ ಅವರ್ಗೆ ಬಾಳ ಆಸೆ ಇತ್ತು. ಬಾಡು ಕುಯ್ದಿದ್ದು ಯಾರು ಅಂತ ಕೇಳಿದ್ರೆ ನಿಮಗೆ ಬೇಜಾರಾಗ್ತದೆ ಅಂತ ಹೋಗ್ತಿರಲಿಲ್ಲ."

ತಮ್ಮವರು ಕುಯ್ದದ್ದನ್ನೇ ಮುಸಲ್ಮಾನರು ತಿನ್ನುವುದೆಂದು ಹುಣಸೂರಿನಲ್ಲಿ ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತಿತ್ತು. ಆದರೆ ಇಷ್ಟು ವರ್ಷ ಒಂದು ಸಲವೂ ಹೊಳೆಯಲಿಲ್ಲ. ಅವರು ನಮ್ಮಪ್ಪನಿಗಾಗಿ ಪರದೇಶದಲ್ಲಿ ರಾಗಿ ಹುಡುಕಿದರು, ನಾನು ಅವರಿಗಾಗಿ ಹುಣಸೂರಿನಿಂದ ನಮ್ಮೂರಿಗೆ ಬಾಡು ತರಲಿಲ್ಲ. ಅದಕ್ಕೇ ಇವತ್ತು ಅಲ್ಲಿನ ಸಾಬರೊಬ್ಬರ ಅಂಗಡಿಯಿಂದ ತಂದೆ.

ಇಷ್ಟು ಬರೆಯುವಷ್ಟರಲ್ಲಿ ಅಡುಗೆಯಾಯಿತೆಂದು ಕರೆ ಬಂತು. ಅಪ್ಪನಿಗೊಂದು ಎಲೆ, ಅವ್ವನಿಗೊಂದು ಎಲೆ ಹಾಕಿ, ಪಕ್ಕದಲ್ಲಿ ಮೂರನೆಯದನ್ನೂ ಹಾಕಿದೆ. ಹೆಂಡತಿ ಎಲೆ ನೋಡಿದಳು, ಮೂಲೆಯಲ್ಲಿದ್ದ ಚೀಲ ನೋಡಿದಳು. ಕೊಲಂಬೊದ ಕಥೆಯನ್ನು ಅವಳು ನನ್ನಿಂದ ಎಷ್ಟೋ ಸಲ ಕೇಳಿದ್ದಳು. ಇರುವುದರಲ್ಲೇ ನುಣ್ಣಗಿನ ಮುದ್ದೆಯನ್ನು ಆರಿಸಿ ಆ ಎಲೆಗೆ ಬಡಿಸಿದಳು. ಧೂಪ ಹಾಕಿ ಬಾಗಿಲು ಮುಚ್ಚಿ ಇಬ್ಬರೂ ಜಗಲಿಯಲ್ಲಿ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ನಾನು ಕೆಮ್ಮಿ, ಕದ ತಟ್ಟಲು ಕೈ ಎತ್ತಿದೆ. ಅವಳು ನನ್ನ ತೋಳು ಹಿಡಿದಳು.

"ಒಸಿ ತಡೀರಿ. ಸಾಬ್ರು ಇದೇ ಮೊದಲ್ನೇ ಸಲ ಬತ್ತಾ ಇರೋದು. ದಾರಿ ಕೇಳ್ಕಂಡು ಬರ್ಬೇಕಲ್ವಾ."