ಟಿಟವಿಯ ಗೂಡಿಗೆ ನಾನಿಟ್ಟ ಗುರುತು

ಸೋಲಾಪುರದ ನವಿ ಪೇಠೆಯಲ್ಲಿ ಹಳೆಯ ದುರ್ಬೀನೊಂದನ್ನು ಕೊಂಡ ದಿನದಿಂದ ನಾನು ಪಕ್ಷಿಶಾಸ್ತ್ರಜ್ಞನಾದೆ. ಹಾಗೆಂದು ಹೇಳುತ್ತಿದ್ದವನು ನಾನೊಬ್ಬನೇ. ಅದರ ಒಂದು ಗಾಜು ಮಸುಕಾಗಿತ್ತು; ಆ ಕಡೆಯಿಂದ ನೋಡಿದರೆ ಎಲ್ಲ ಹಕ್ಕಿಯೂ ಗಿಡುಗವೇ. ಸಾವಿರದ ಒಂಬೈನೂರ ಇಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ಕಾಲದಲ್ಲಿ ನಾನು ಅಕ್ಕಲಕೋಟೆಯ ಹತ್ತಿರ ವಾಗದರಿಯಲ್ಲಿ ಮಾಸ್ತರನಾಗಿದ್ದೆ. ಶಾಲೆ ಬಿಟ್ಟೊಡನೆ ಇದ್ದೊಂದು ಕರಿಕೋಟಿನ ಮೇಲೆ ದುರ್ಬೀನು ತೂಗುಹಾಕಿಕೊಂಡು ಊರ ಹೊರಗಿನ ಕಲ್ಲುನೆಲದ ಮಡ್ಡಿಗೆ ಹೊರಡುತ್ತಿದ್ದೆ.

ಅಲ್ಲಿ ಸಿಕ್ಕವನು ಕುರಿ ಕಾಯುವ ಕಾಕಾ. ನನಗಿಂತ ಹತ್ತು ವರ್ಷ ದೊಡ್ಡವನು, ಕುರುಬರ ದೇವರು ಬೀರೋಬಾನ ಭಕ್ತ, ಹಣೆಯ ತುಂಬ ಭಂಡಾರದ ಅರಿಷಿಣ ಪುಡಿ. ನಾನು ದುರ್ಬೀನು ಹೊಂದಿಸುವುದರೊಳಗೆ ಅವನು ಕಣ್ಣು ಮುಚ್ಚಿಕೊಂಡೇ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತಿದ್ದ. ಒಮ್ಮೆ ದೂರದ ಬೇಲಿಯ ಮೇಲೆ ಅಪರೂಪದ ಹದ್ದು ಕುಳಿತಿದೆಯೆಂದು ಬಹಳ ಹೊತ್ತು ಉಸಿರು ಬಿಗಿಹಿಡಿದು ನೋಡಿದೆ.

"ಮಾಸ್ತರ್ರ, ಅದು ನನ್ನ ಕಂಬಳಿರಿ. ಒಣಗಾಕ ಹಾಕೀನಿ" ಎಂದ.

ಇಷ್ಟಾದರೂ ನನ್ನ ಜೊತೆ ಬಿಡದ ಮನುಷ್ಯ ಸಿಕ್ಕಿದ್ದು ನನ್ನ ಪುಣ್ಯ.

ಆ ಬೇಸಿಗೆಯಲ್ಲಿ ಅವನು ಟಿಟವಿಯ, ಅಂದರೆ ಟಿಟ್ಟಿಭ ಹಕ್ಕಿಯ, ಗೂಡು ತೋರಿಸಿದ. ಗೂಡೆಂದರೆ ಏನೂ ಇಲ್ಲ. ಬರಿನೆಲದ ಹರಳುಗಳ ನಡುವೆ ಹರಳಿನದೇ ಬಣ್ಣದ ನಾಲ್ಕು ತತ್ತಿ. ಅವನು ದಿನಾಲೂ ಕುರಿಗಳನ್ನು ಆ ಜಾಗದಿಂದ ಬಳಸಿ ನಡೆಸುತ್ತಿದ್ದ.

"ಯಾರಿಗೂ ಹೇಳಬ್ಯಾಡ್ರಿ. ಮರಿ ಆಗೂತನಕ ತುಳಿದೀರಿ, ಜ್ವಾಕಿ" ಎಂದ.

ನಾನು ಹೇಳಲಿಲ್ಲ. ಅದಕ್ಕಿಂತ ಕೆಟ್ಟ ಕೆಲಸ ಮಾಡಿದೆ. ಮತ್ತೆ ಹುಡುಕುವುದು ಕಷ್ಟವಾದೀತೆಂದು ಉದ್ದನೆಯ ಕಲ್ಲೊಂದಕ್ಕೆ ಸುಣ್ಣ ಬಳಿದು ಗೂಡಿನಿಂದ ಮೂರೇ ಹೆಜ್ಜೆ ದೂರದಲ್ಲಿ ನಿಲ್ಲಿಸಿದೆ. ಎಂಥ ಶಾಸ್ತ್ರೀಯ ಗುರುತು ಎಂದು ಹೆಮ್ಮೆ ಬೇರೆ.

ನಮ್ಮ ಕಡೆ ಮಡ್ಡಿಯಲ್ಲಿ ಸುಣ್ಣ ಬಳಿದ ಕಲ್ಲು ನಿಂತರೆ ಅದು ಏನಾಗುತ್ತದೆಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಮಾಸ್ತರನಿಗೆ ಹೊಳೆಯಲಿಲ್ಲ. ಮರುದಿನ ಸಂಜೆ ಹೋದರೆ ಕಲ್ಲಿಗೆ ಭಂಡಾರ ಎರಚಿದೆ, ಮುಂದೆ ಕಾಯಿ ಒಡೆದಿದೆ, ಸುತ್ತ ಹತ್ತಿಪ್ಪತ್ತು ಜನ. ಕಾಕಾ ಕುರಿ ಬಿಟ್ಟು ಓಡಿ ಬಂದು ಗೂಡಿಗೆ ಅಡ್ಡ ನಿಂತಿದ್ದ. ತಲೆಯ ಮೇಲೆ ಟಿಟವಿ ಕಿರುಚುತ್ತ ಸುತ್ತುತ್ತಿತ್ತು.

"ಈ ಕಲ್ಲು ಯಾರ ಇಟ್ಟಾರ? ಇಲ್ಲಾ ದೇವರ ತಾನ ಎದ್ದಾನೋ?" ಎಂದು ಮುದುಕಿಯೊಬ್ಬಳು ಕೇಳಿದಳು.

"ನಾನು" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಂಡ ಕಂಡ ಕಲ್ಲಿಗೆ ಕೈಮುಗಿಯಬೇಡಿ ಎಂದು ವಾರಕ್ಕೆರಡು ಸಲ ಭಾಷಣ ಬಿಗಿಯುತ್ತಿದ್ದವನೂ ನಾನೇ. ದುರ್ಬೀನಿನ ಗಾಜು ಒರೆಸುತ್ತ ನಿಂತೆ.

ಕಾಕಾ ನನ್ನ ಮುಖ ನೋಡಿದ. ಆಮೇಲೆ ಬಗ್ಗಿ ಕಲ್ಲಿನ ಮೇಲಿನ ಭಂಡಾರ ಮುಟ್ಟಿದ.

"ನಾ ಇಟ್ಟೀನಿ. ಇಲ್ಲಿ ಜೀವ ಕುಂತಾವ. ಒಂದು ತಿಂಗಳ ಯಾರೂ ಇಪ್ಪತ್ತು ಹೆಜ್ಜಿ ಒಳಗ ಬರಬ್ಯಾಡ್ರಿ."

ಭಂಡಾರ ಮುಟ್ಟಿ ಆಡಿದ ಮಾತಿಗೆ ಯಾರೂ ಎದುರಾಡುವುದಿಲ್ಲ. ಜನ ಅವನು ತೋರಿಸಿದ ದಾರಿಯಲ್ಲಿ ಮೆಲ್ಲಗೆ ಹಿಂದೆ ಸರಿದರು. ತತ್ತಿ ಉಳಿದವು.

ಅವನು ಮಾತ್ರ ನನ್ನೊಡನೆ ಮಾತು ಬಿಟ್ಟ. ಹಣೆಗೆ ಭಂಡಾರ ಹಚ್ಚುವುದನ್ನೂ ಬಿಟ್ಟ. ಸುಳ್ಳಾಡಿದ ಕೈಯಿಂದ ಹೇಗೆ ಹಚ್ಚಿಕೊಳ್ಳಲಿ ಎಂದು ಹೆಂಡತಿಯ ಮುಂದೆ ಅಂದಿದ್ದನಂತೆ. ಮಡ್ಡಿಯಲ್ಲಿ ಅವನ ಬರಿಹಣೆ ಕಂಡಾಗಲೆಲ್ಲ ನಾನು ದುರ್ಬೀನನ್ನು ಬೇರೆ ಕಡೆ ತಿರುಗಿಸುತ್ತಿದ್ದೆ. ಮೂರು ವಾರ ಕಳೆದ ಮೇಲೆ ನಾಲ್ಕೂ ಮರಿಗಳು ಹೊರಬಂದು ಹರಳುಗಳ ನಡುವೆ ಪುಟುಪುಟು ಓಡಿದವು. ನಾನು ಒಬ್ಬನೇ ನಿಂತು ನೋಡಿದೆ. ಯಾರಿಗೆ ತೋರಿಸಲಿ? ಖುಷಿಯೇ ಆಗಲಿಲ್ಲ.

ಮುಂದಿನ ಆದಿತ್ಯವಾರ ಜನ ಕಲ್ಲಿನ ದರ್ಶನಕ್ಕೆ ದೂರದಲ್ಲಿ ನಿಂತಿದ್ದರು. ಕಾಕಾನೂ ಇದ್ದ. ನಾನು ಭಾಷಣದ ಠೀವಿಯಲ್ಲೇ ಆರಂಭಿಸಿದೆ. ಮೂರನೆಯ ಮಾತಿಗೆ ಭಾಷಣ ಬಿಟ್ಟು ಊರ ಮಾತಿಗಿಳಿದೆ.

"ಕಲ್ಲು ಇಟ್ಟಾಂವ ನಾನು. ಕಾಕಾನ ತಪ್ಪಿಲ್ಲ. ನಾ ಅಂಜಿ ಸುಮ್ಮನಿದ್ದೆ."

ಯಾರೂ ಬೆಚ್ಚಲಿಲ್ಲ. ಆ ಮುದುಕಿ ಸೆರಗು ಬಾಯಿಗೆ ಹಿಡಿದು ನಕ್ಕಳು. "ಅವತ್ತ ಗೊತ್ತಿತ್ತರಿ ಮಾಸ್ತರ್ರ. ನಿಮ್ಮ ಕರಿಕೋಟಿನ ತುಂಬ ಸುಣ್ಣ ಇತ್ತಲ್ರಿ."

"ಮತ್ತ ಯಾಕ ಕೇಳಿದಿ ಆಯಿ?"

"ನೀವ ಹೇಳ್ತೀರೇನು, ನೋಡೂಣಂತ."

ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ. ಮುಂದೆ ಬಂದು ಭಂಡಾರದ ಚೀಲ ಬಿಚ್ಚಿ ನನ್ನ ಮುಂದೆ ಹಿಡಿದ, ಹಣೆ ಬಗ್ಗಿಸಿದ. ಕಲ್ಲಿಗೆ ಕೈಮುಗಿಯಬೇಡಿ ಎನ್ನುತ್ತಿದ್ದ ನಾನು ಚೀಲಕ್ಕೆ ಕೈಹಾಕಿ ಹಿಡಿ ತುಂಬ ತೆಗೆದು ಹಚ್ಚಿದೆ. ಅರ್ಧ ಭಂಡಾರ ಹಣೆಗೆ, ಅರ್ಧ ಅವನ ಕಣ್ಣಿಗೆ ಬಿತ್ತು.

"ನೋಡಿ ಹಚ್ಚ್ರಿ ಮಾಸ್ತರ್ರ" ಎಂದ ಅವನು, ಕಣ್ಣು ಉಜ್ಜಿಕೊಳ್ಳುತ್ತ. "ಇದಕೂ ದುರ್ಬೀನು ಬೇಕೇನು?"

ಇಪ್ಪತ್ತೈದು ದಿನಗಳ ಮೇಲೆ ಅವನು ನನ್ನೊಡನೆ ಆಡಿದ ಮೊದಲ ಮಾತು ಅದು.