ಮೋಟಾರಿನ ದೀಪ ಯಾಕ ಮಿಣುಕತಿತ್ತು

ಏಳು ವರ್ಷ ನಮ್ಮ ಮೋಟಾರು ಹೊಡದ ಡ್ರೈವರನ್ನ ನಾ ಕಳ್ಳ ಅಂದು ಕೆಲಸ ಬಿಡಿಸಿದೆ. ಅವ ಏನೂ ಕದ್ದಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೇನಿ, ಯಾಕಂದ್ರ ಮುಂದ ಓದಕೋತ ನೀವು ನನ್ನ ಪರ ಮಾತಾಡೂದು ಬ್ಯಾಡ.

ಎರಡನೇ ಮಹಾ ಲಡಾಯಿ ಶುರು ಆಗೂಕಿಂತ ಮೊದಲಿನ ಮಾತು. ನಂದು ಹುಬ್ಬಳ್ಳ್ಯಾಗ ಅರಳಿ, ಅಂದ್ರ ಹತ್ತಿ, ವ್ಯಾಪಾರ, ಮನಿ ಧಾರವಾಡದಾಗ. ಮುಂಜಾನೆ ಮೋಟಾರಿನ್ಯಾಗ ಹೋಗಿ, ದೀಪ ಹಚ್ಚೂ ಹೊತ್ತಿಗೆ ತಿರುಗಿ ಬರತಿದ್ದೆ. ನನಗ ಸಿಟ್ಟು ಮೂಗಿನ ತುದಿ ಮ್ಯಾಲೆ ಅಂತ ಮನಿಯವರು ಅಂತಿದ್ರು. ನಾ ಒಪ್ಪತಿರಲಿಲ್ಲ, ಒದರಿ ಹೇಳತಿದ್ದೆ.

ಆ ವರ್ಷ ದಸರಾ ಆಗಿ ಹದಿನೈದು ದಿನ ಆಗಿತ್ತು. ಸಂಜೀಕ ಪ್ಯಾಟ್ಯಾಗಿಂದ ಹೊರಡಬೇಕಂತ ಡ್ರೈವರ್ ದೀಪ ಹಚ್ಚಿ ಸ್ಟಾರ್ಟರ್ ಒತ್ತಿದ. ಮುಂದಿನ ಎರಡೂ ದೀಪ ಪಕಪಕ ಅಂದು ಆರಿಹೋದಂಗಾದವು. ಇಂಜಿನ್ ನರಳಿ ನರಳಿ ಶುರು ಆತು, ಆಮ್ಯಾಲೆ ದೀಪ ಮತ್ತ ಹತ್ತಿದವು. ಮರುದಿನಾನೂ ಅದೇ ಹಾಡು. ಮೂರನೇ ದಿನ ಬಾಜೂಕಿನ ಅಂಗಡಿಯವ, "ನಿಮ್ಮ ಮೋಟಾರು ಮಂದೀಗೆ ಕಣ್ಣು ಹೊಡ್ಯಾಕತ್ತೈತಲ್ರಿ" ಅಂದ. ನಾಕೈದು ಮಂದಿ ನಕ್ಕರು. ನಾ ನಗಲಿಲ್ಲ.

ಬಲ್ಬ್ ಹೋಗ್ಯಾವಂತ ಹೊಸಾವು ತಂದು ಹಾಕಿಸಿದೆ. ಅವೂ ಮಿಣುಕಿದವು. ಆಗ ಡ್ರೈವರ್ ಒಂದು ಪರೀಕ್ಷಾ ಮಾಡಿ ತೋರಿಸಿದ. ದೀಪ ಹಚ್ಚಿಟ್ಟು, ಮುಂದ ಹ್ಯಾಂಡಲ್ ಹಾಕಿ ಕೈಲೆ ತಿರುವಿದ. ಇಂಜಿನ್ ಶುರು ಆತು, ದೀಪ ಅಳಗ್ಯಾಡಲಿಲ್ಲ. ಇಂಜಿನ್ ಬಂದ್ ಮಾಡಿ ಸ್ಟಾರ್ಟರ್ ಒತ್ತಿದ. ದೀಪ ಮತ್ತ ಪಕಪಕ ಅಂದವು.

"ಬಲ್ಬಿನ ತಪ್ಪಲ್ರಿ ಸಾಹುಕಾರ್ರ. ಸ್ಟಾರ್ಟರ್ ಭಾಳ ಕರೆಂಟ್ ಎಳೀತೈತಿ. ಬ್ಯಾಟ್ರಿಗೆ ವಾಯರ್ ಬರೋಬ್ಬರಿ ತಾಗಿಲ್ರಿ. ಕ್ಲಿಪ್ ಬಿಚ್ಚಿ ಒರಸಬೇಕ್ರಿ."

"ಒರಸು ಮತ್ತ."

"ನೀವೇ ಒರಸಿದ್ರ ಛಲೋರಿ."

ಏನಪಾ ಇದು! ಪಗಾರ ತಗೊಳ್ಳಾಂವ ಇವ, ಒರಸಾಂವ ನಾ! "ಯಾಕ, ನಿನ್ನ ಕೈಗೇನು ಧಾಡಿ?" ಅಂದೆ. ಅವ ನೆಲಾ ನೋಡಕೋತ ನಿಂತ. ನನಗ ಸಂಶಾ ಬಂತು: ನಮ್ಮ ಹೊಸಾ ಬ್ಯಾಟ್ರಿ ಮಾರಿ ಹಳೇದು ಕೂಡಿಸ್ಯಾನ, ಬಿಚ್ಚಿದ್ರ ಬೈಲಾಗತೈತಂತ ಅಂಜ್ಯಾನ. ಹಂಗಿದ್ರ ನನಗೇ ಯಾಕ ಬಿಚ್ಚಾಕ ಹೇಳ್ತಾನ ಅನ್ನೂದು ಹೊಳೀಲಿಲ್ಲ. ಸಿಟ್ಟು ಬಂದಾಗ ನಾ ಅಷ್ಟು ದೂರ ವಿಚಾರ ಮಾಡಾಂವಲ್ಲ. ಇಡೀ ಅರಳಿ ಪ್ಯಾಟಿಗೆ ಕೇಳೂಹಂಗ "ಕಳ್ಳ" ಅಂದೆ. ಅವ ಮೋಟಾರಿನ ಕೀಲಿ ನನ್ನ ಕೈಗೆ ಕೊಟ್ಟು ನಡದು ಹೋದ.

ಮರುದಿನ ನಾನೇ ಮೋಟಾರು ಹೊಡಕೊಂಡು ರಿಪೇರಿ ಮಾಡೂ ಮಿಸ್ತ್ರಿ ಕಡೆ ಹೋದೆ. "ಹಳೇ ಬ್ಯಾಟ್ರಿ ಕೂಡಿಸ್ಯಾನ, ನೋಡು" ಅಂದೆ.

"ನಾ ಕೂಡಿಸಿದ್ದ ಬ್ಯಾಟ್ರೀನೇ ಐತ್ರಿ, ನನ್ನ ಗುರ್ತು ಇಲ್ಲೇ ಐತಿ" ಅಂದ ಮಿಸ್ತ್ರಿ. ಕ್ಲಿಪ್ ಬಿಚ್ಚಿ ಬಗ್ಗಿ ನೋಡಿದ. "ಇದೇನ್ರಿ ಸಾಹುಕಾರ್ರ, ಬ್ಯಾಟ್ರಿಗೆ ವಗ್ಗರಣಿ ಕೊಟ್ಟೀರೇನು?"

ಕೊಟ್ಟಾಂವ ನಾನು. ದಸರಾದಾಗ ಖಂಡೇ ಪೂಜಿ, ಅಂದ್ರ ಆಯುಧ ಪೂಜಿ, ದಿನ ಎಲ್ಲಾರೂ ಮೋಟಾರಿನ ಮಾರಿಗೆ ವಿಭೂತಿ ಹಚ್ಚಿ, ಹಾರ ಹಾಕಿ ಕೈ ಮುಗೀತಾರ. ನನಗ ಅಷ್ಟು ಸಾಲಲಿಲ್ಲ. ಮೋಟಾರಿನ ಜೀವ ಬ್ಯಾಟ್ರ್ಯಾಗ ಐತೆಲ್ಲಾ ಅಂತ ಎರಡೂ ಕ್ಲಿಪ್ ಬಿಚ್ಚಿ, ತುಪ್ಪದಾಗ ಕಲಸಿದ ಅರಿಷಿಣ ಮೆತ್ತಿ, ಮ್ಯಾಲೆ ವಿಭೂತಿ ಇಟ್ಟು, ಪೂಜಿ ಅಳಿಸಬಾರದಂತ ಅದರ ಮ್ಯಾಲೇ ಕ್ಲಿಪ್ ಹಾಕಿದ್ದೆ. ಡ್ರೈವರ್ ಬಾಜೂಕ ನಿಂತು ಎಲ್ಲಾ ನೋಡಿದ್ದ. ಮಿಸ್ತ್ರಿ ಕೆರದು, ಸೋಡಾ ನೀರಿಲೆ ತೊಳದು, ಒಣಗಿಸಿ ಕ್ಲಿಪ್ ಬಿಗಿ ಮಾಡಿದ. ಸ್ಟಾರ್ಟರ್ ಒತ್ತಿದ್ರ ದೀಪ ಗಟ್ಟಿ ನಿಂತವು.

ಅಲ್ಲಿಂದ ನೆಟ್ಟಗ ಡ್ರೈವರನ ಮನಿಗೆ ಹೋದೆ. ತಪ್ಪಾತು ಅನ್ನಾಕ ಹೋದಾಂವ ಅಲ್ಲೂ ಒದರಿದೆ: "ಗೊತ್ತಿದ್ರ ಒರಸಾಕ ನಿನಗೇನಾಗಿತ್ತೋ?"

"ನಾ ಮುಸಲ್ಮಾನ್ರಿ. ನಿಮ್ಮ ಪೂಜಿ ನಾ ಹೆಂಗ ಒರಸಲ್ರಿ? ಒರಸಿದ್ರ ನೀವು ಬಿಡತಿದ್ರೇನು?"

ಬಿಡತಿರಲಿಲ್ಲ. ನನಗ ಖರೇನೇ ಭಾಳ ನಾಚಿಕಿಯಾತು. ತಪ್ಪು ನಂದು, ನಾಳಿಂದ ಕೆಲಸಕ್ಕ ಬಾ ಅಂದೆ.

"ಮಂದಿ ಮುಂದ ಕಳ್ಳ ಅಂದೀರಿ. ಮಂದಿ ಮುಂದೇ ಅಲ್ಲ ಅನ್ರಿ, ಬರತೇನಿ" ಅಂದ.

ಅಷ್ಟೇನಾ ಅಂತ ಒಪ್ಪಿ ಬಂದೆ. ಮೂರು ದಿನ ಪ್ಯಾಟಿಗೆ ಹೋಗಿ, ಹೇಳಾಕಂತ ಬಾಯಿ ತಗದು, ಅರಳಿ ದರ ಕೇಳಿ ತಿರುಗಿ ಬಂದೆ. ಬೈಯೂದು ಎಷ್ಟು ಸಲೀಸು ನೋಡ್ರಿ! ಎರಡು ವಾರ ಹಿಂಗೇ ಆತು. ಕಡೀಕ ಒಂದು ದಿನ ಕಟ್ಟಿ ಮ್ಯಾಲೆ ನಿಂತು, "ನಮ್ಮ ಡ್ರೈವರ್ ಕಳ್ಳ ಅಲ್ಲ, ತಪ್ಪು ನಂದು" ಅಂತ ಜೋರಲೆ ಅಂದೆ.

"ಯಾವ ಡ್ರೈವರ್ರಿ?" ಅಂದ ಬಾಜೂಕಿನ ಅಂಗಡಿಯವ.

ಒಬ್ಬರಿಗೂ ನೆನಪಿರಲಿಲ್ಲ. ಅರಿಷಿಣದಿಂದ ಹಿಡದು ಎಲ್ಲಾ ಮತ್ತ ಹೇಳಬೇಕಾತು. ಹೊಟ್ಟಿ ಹಿಡಕೊಂಡು ನಕ್ಕರು. ಡ್ರೈವರ್ ಏನಾದ ಅಂತ ಒಬ್ಬನೂ ಕೇಳಲಿಲ್ಲ.

ಮೋಟಾರು ಹೊಡಕೊಂಡು ಅವನ ಮನಿಗೆ ಹೋಗಿ, ಮಂದಿ ಮುಂದ ಹೇಳಿದೆ ಅಂದೆ.

"ಮಂದಿ ಏನಂದ್ರು?" ಅಂತ ಕೇಳಿದ.

ಎಲ್ಲಾರೂ ತನ್ನ ಬಗ್ಗೆನೇ ಆಡಕೊಳ್ಳಾಕತ್ತಾರಂತ ಅವ ಅಷ್ಟೂ ದಿನ ಪ್ಯಾಟಿ ಕಡೆ ಹಾದಿರಲಿಲ್ಲ. ಅವರಿಗೆ ನಿನ್ನ ನೆನಪೇ ಇಲ್ಲೋ ಅಂತ ಹೆಂಗ ಹೇಳಲಿ?

"ಅಂಥಾ ಮನಷ್ಯಾಗ ಹಂಗ ಅನ್ನಬಾರದಿತ್ತು ಅಂತ ಎಲ್ಲಾರೂ ನನಗ ಛೀಮಾರಿ ಹಾಕಿದ್ರು" ಅಂದೆ.

ಅವ ಒಳಗ ಹೋಗಿ ಮಾರಿ ತೊಳಕೊಂಡು ಬಂದ. "ನೀವು ಹಿಂದ ಕೂಡ್ರಿ, ನಾ ಹೊಡೀತೇನಿ" ಅಂದ.